ದೇವರ ಮುಂದೆ ದೂರು



ಸಿದ್ದಾಪುರದ ಕಡೆ ಅಡಿಕೆ ತೋಟದ ಬೇಲಿಗಳಲ್ಲಿ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡು ನೋಡಿರುತ್ತೀರಿ. ಕೊನೆ ಕದ್ದವನ ಮೇಲೆ ದೇವಿಗೆ ದೂರು ಕೊಡಲು ಇಲ್ಲಿ ಯಾರಿಗೂ ಸಂಕೋಚವಿಲ್ಲ. ದಾಸರು ನಿಂದಾಸ್ತುತಿಯಲ್ಲಿ ವಿಠಲನನ್ನು ಬೈದೇ ಹಾಡಿದರು. ಇಂಥ ನೆಲದಲ್ಲಿ ಬಾಳುವ ನಾವು ಕ್ರೈಸ್ತರು ಮಾತ್ರ ಇಗರ್ಜಿಯ ಮೆಟ್ಟಿಲ ಬಳಿ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತೇವೆ. ಸಾವಾದ ಮನೆಯಲ್ಲೂ 'ದೇವರ ಚಿತ್ತ' ಎಂದು ಮಾತು ಮುಗಿಸುತ್ತೇವೆ. ಅದು ನಂಬಿಕೆಯೋ, ಹೆದರಿಕೆಯೋ?

ಬೈಬಲ್‌ನಲ್ಲಿ ಈ ನಾಜೂಕು ಇಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಿನವು. ಬಹುಪಾಲು ಗೋಳಿನಿಂದ ಹೊರಟು ಸ್ತುತಿಗೆ ಬಂದು ನಿಲ್ಲುತ್ತವೆ. 88ನೆಯದು ಹಾಗಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲು ಜೋಡಿಸುವುದು ಯಾರಿಗೂ ಕಷ್ಟವಿರಲಿಲ್ಲ. ಜೋಡಿಸಲಿಲ್ಲ.

ಬೈಬಲ್‌ನಲ್ಲೇ, ಎಲ್ಲವನ್ನೂ ಕಳೆದುಕೊಂಡು ಕುಳಿತ ಯೋಬನ ಗೆಳೆಯರನ್ನು ನೋಡಿ. 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ನೀನು ಏನೋ ತಪ್ಪು ಮಾಡಿರಬೇಕು ಎಂದು ಶುರುಮಾಡಿದರು. ಯೋಬನೋ ದೇವರನ್ನೇ ಕಟಕಟೆಗೆ ಎಳೆಯುತ್ತಾನೆ. ಕೊನೆಯ, 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎನ್ನುತ್ತಾನೆ. ದೇವರ ಪರ ವಕಾಲತ್ತು ವಹಿಸಿದವರು ದೇವರಿಂದಲೇ ಬೈಸಿಕೊಂಡರು! ಸಾವಿನ ಮನೆಗೆ ಉಪದೇಶ ಹೊತ್ತು ಹೋಗುವ ನಾವೆಲ್ಲ ಇದನ್ನು ಓದಿಕೊಂಡು ಹೋಗಬೇಕು. ಯೇಸು ಶಿಲುಬೆಯ ಮೇಲೆ ಕೂಗಿದ್ದು ಕೂಡ 22ನೇ ಕೀರ್ತನೆಯ ಮೊದಲ ಪ್ರಶ್ನೆಯನ್ನೇ: 'ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?' ಮತ್ತಾಯ, ಮಾರ್ಕ ಇಬ್ಬರೂ ಅದನ್ನು ಮುಚ್ಚಿಡಲಿಲ್ಲ.

ಇಂಥ ಗೋಳು ನಮ್ಮ ಯಲ್ಲಾಪುರದಲ್ಲೂ ಉಂಟು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮ ಸಿದ್ದಿ ಬಂಧುಗಳಲ್ಲಿದೆ. ಅವರಲ್ಲಿ ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು ಮೂವರೂ ಉಂಟು. ಗೋವೆಯಲ್ಲಿ ಗುಲಾಮರನ್ನು ಕೊಂಡವರೇ ಅವರಿಗೆ ಜ್ಞಾನಸ್ನಾನವನ್ನೂ ಕೊಡಿಸುತ್ತಿದ್ದರು. ಸರಪಳಿ, ಶಿಲುಬೆ ಎರಡೂ ಒಂದೇ ಕೈಯಿಂದ ಬಂದವು. ಇಷ್ಟನ್ನು ಬಾಯಿಬಿಟ್ಟು ಹೇಳಲು ಜಾಗ ಕೊಡದ ಪ್ರಾರ್ಥನೆ ಸಿದ್ದಿ ಕೇರಿಯಲ್ಲಿ ಪೂರ್ತಿ ಪ್ರಾಮಾಣಿಕವಾಗದು ಎಂಬುದು ನನ್ನ ಅಭಿಪ್ರಾಯ.

ಸಿದ್ದಿ ಹೆಂಗಸರ ಕೌದಿಯನ್ನು ಹತ್ತಿರದಿಂದ ನೋಡಬೇಕು. ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂವು. ಕ್ರೈಸ್ತ ಮನೆಯದಾದರೆ ಒಮ್ಮೊಮ್ಮೆ ಶಿಲುಬೆಯೂ ಇರುತ್ತದೆ. ಒಂದೊಂದು ಹೊಲಿಗೆಯೂ ಮೇಲೆಯೇ ಕಾಣುತ್ತದೆ. ನೋವನ್ನು ಮುಚ್ಚಿಡದ ಪ್ರಾರ್ಥನೆಯೂ ಹೀಗೇ ಇರಬೇಕು.

ನಮ್ಮಲ್ಲಿ ಪಾಪನಿವೇದನೆಗೆ ಪೀಠವಿದೆ. ನಾನು ಮಾಡಿದ ತಪ್ಪನ್ನು ಅಲ್ಲಿ ಹೇಳುತ್ತೇನೆ. ಬೇರೆಯವರು ನನಗೆ ಮಾಡಿದ್ದನ್ನು ಎಲ್ಲಿ ಹೇಳಲಿ? ಕುಡಿದು ಬಂದ ಗಂಡನ ಹೊಡೆತ, ಬಾಲ್ಯದಲ್ಲಿ ಮೈಮೇಲೆ ಬಿದ್ದ ಕೈ, ಇವನ್ನು ತನ್ನದೇ ಪಾಪವೆಂಬಂತೆ ತಲೆತಗ್ಗಿಸಿ ಹೇಳುವವರುಂಟು. ಕೇಳಿಸಿಕೊಂಡವರು ತಕ್ಷಣ 'ಕ್ಷಮಿಸಿಬಿಡಮ್ಮ' ಎಂದರೆ ಗಾಯಕ್ಕೆ ಇನ್ನೊಂದು ಗಾಯ. ಕ್ಷಮೆ ಬರುವಾಗ ಬರಲಿ. ಮೊದಲು 'ನಿನ್ನ ತಪ್ಪಲ್ಲ' ಎನ್ನಬೇಕು. ದೇವರ ಮುಂದೆ ಅತ್ತರೆ ಡಾಕ್ಟರು ಬೇಡವೆಂದೂ ಅಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಪುಕ್ಕಟೆಯಾಗಿ ಮಾತಾಡುತ್ತಾರೆ. ಹಾಗೆ ಮಾಡಿದವರ ನಂಬಿಕೆ ಕಡಿಮೆ ಎಂದು ಯಾರೂ ಅಳೆಯಬಾರದು.

ಗುರುಗಳು ಮುಂದಿನ ಸಾಲಿನಲ್ಲೇ ಇದ್ದಾರೆ, ಒಂದು ಬೇಡಿಕೆ ಇಡುತ್ತೇನೆ. ನವೆಂಬರ್ 2ರ ಮೃತರ ಸ್ಮರಣೆಯಂದು ಒಂದು ವರ್ಷವಾದರೂ 88ನೇ ಕೀರ್ತನೆ ಓದಿಸಿ. ಆಮೇಲೆ ಪ್ರವಚನ ಬೇಡ. ಹೇಳಿಕೊಳ್ಳಬೇಕೆಂದವರಿಗೆ ಸಮಯ ಬಿಡಿ. ಯಾರಾದರೂ ಕೊಂಕಣಿಯಲ್ಲಿ ಹೇಳಿದರೆ ಅದನ್ನು ಕನ್ನಡಕ್ಕೆ ತರುವ ಗಡಿಬಿಡಿಯೂ ಬೇಡ.