ಕಲ್ಲಿಗೂ ಒಂದು ವಿಳಾಸವಿದೆ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಯಾವ ಊರಲ್ಲೇ ಇರಿ, ತಗಡಿನ ಬೇಲಿಯ ಹಿಂದೆ ನೆಲ ಅಗೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಹಳೆಯ ಪೇಟೆಯ ನಡುವೆ ಹೀಗೆ ಅಗೆಯುವಾಗ ಪುರಾತನ ಗೋಡೆಯೊಂದು ಸಿಕ್ಕರೆ ಏನು ಮಾಡಬೇಕು? ಲಂಡನ್ ಈ ಪ್ರಶ್ನೆಗೆ ಒಂದೇ ನಿವೇಶನದಲ್ಲಿ ಎರಡು ಸಲ ಉತ್ತರ ಕೊಟ್ಟಿದೆ.

1954ರಲ್ಲಿ, ಯುದ್ಧದ ಬಾಂಬಿಗೆ ಹಾಳಾಗಿದ್ದ ಜಾಗದಲ್ಲಿ ಆಫೀಸು ಕಟ್ಟಡ ಏಳುವುದಿತ್ತು. ಅಲ್ಲಿ ಅಗೆದ ಪುರಾತತ್ತ್ವಜ್ಞ ಡಬ್ಲ್ಯು. ಎಫ್. ಗ್ರೈಮ್ಸ್ ಅವರಿಗೆ ರೋಮನ್ನರ ಮಿತ್ರಾಸ್ ದೇವರ ಗುಡಿ ಸಿಕ್ಕಿತು, ಮೂರನೇ ಶತಮಾನದ್ದು. ನೋಡಲು ಸಾವಿರಾರು ಜನ ಸಾಲು ನಿಂತರು. ಆದರೆ ಅಲ್ಲೇ ಉಳಿಸಲು ಖರ್ಚು ಹೆಚ್ಚೆಂದು ಕಲ್ಲುಗಳನ್ನು ಕಿತ್ತರು. 1962ರಲ್ಲಿ ಸುಮಾರು 100 ಮೀಟರ್ ಆಚೆ, ರಸ್ತೆಯ ಮಟ್ಟದಲ್ಲಿ, ಸಿಮೆಂಟು ಹಾಕಿ ಜೋಡಿಸಿದರು. ತೊರೆಯ ದಂಡೆಯಲ್ಲಿ ಗವಿಯ ಹಾಗೆ ಕತ್ತಲಾಗಿದ್ದ ಗುಡಿ ಬಯಲಿಗೆ ಬಂತು. ಕಲ್ಲು ಉಳಿಯಿತು, ಗುಡಿ ಉಳಿಯಲಿಲ್ಲ.

1989ರಲ್ಲಿ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಪಾಯ ಅದೇ ನಗರದಲ್ಲಿ ಸಿಕ್ಕಾಗ ಜನ ಬೀದಿಗಿಳಿದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹೊಸ ಮಾರ್ಗಸೂಚಿ ಬಂತು: ನೆಲದಡಿ ಏನಿರಬಹುದೆಂದು ಅನುಮತಿಗೆ ಮೊದಲೇ ಪರೀಕ್ಷಿಸಬೇಕು.

ಗುಡಿ ಸಿಕ್ಕಿದ್ದ ನಿವೇಶನದಲ್ಲಿ ಬ್ಲೂಮ್‌ಬರ್ಗ್ ಕಂಪನಿಯ ಕಟ್ಟಡ ಬರುವ ಮುನ್ನ, 2010ರಿಂದ 2014ರವರೆಗೆ ತಾಳ್ಮೆಯಿಂದ ಉತ್ಖನನ ನಡೆಯಿತು. ತೊರೆಯ ಹಸಿ ಮಣ್ಣಿನಲ್ಲಿ ರೋಮನ್ನರ 400ಕ್ಕೂ ಹೆಚ್ಚು ಬರಹದ ಮರದ ಹಲಗೆಗಳು ಸಿಕ್ಕವು. ಒಂದು, ಕ್ರಿ.ಶ. 57ರ ಜನವರಿ 8ರ ಸಾಲದ ಪತ್ರ! 2017ರಲ್ಲಿ ಗುಡಿಯೂ ತನ್ನ ಮೂಲ ಜಾಗದ ಸಮೀಪಕ್ಕೆ, ರಸ್ತೆಯಿಂದ 7 ಮೀಟರ್ ಕೆಳಕ್ಕೆ ಮರಳಿತು. ಮೇಲೆ ಆಫೀಸು, ಕೆಳಗೆ ಗುಡಿ. ಆದರೆ ಇದಕ್ಕೆ 63 ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ 2010ರ ತಿದ್ದುಪಡಿ ಕಾಯ್ದೆ, ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಆದರೆ ಸ್ಮಾರಕವೆಂದು ಘೋಷಣೆಯಾಗದೆ ನೆಲದಡಿ ಮಲಗಿರುವುದಕ್ಕೆ ಈ ಆಸರೆ ಇಲ್ಲ. ಅದು ಸಿಗುವುದೇ ಯಂತ್ರದ ಹಲ್ಲಿಗೆ. ಆಗ ಕೆಲಸ ನಿಂತರೆ, ಮನೆ ಬಿಟ್ಟು ಬಾಡಿಗೆಗೆ ಹೋದವರಿಗೂ ಕಷ್ಟ, ಕಟ್ಟುವವರಿಗೂ ನಷ್ಟ. ಹಾಗಾಗಿಯೇ ಕಂಡದ್ದನ್ನು ಬೇಗ ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ಮೊದಲೇ ಪರೀಕ್ಷಿಸಿದರೆ ನಕ್ಷೆಯಲ್ಲೇ ಪಾಯವನ್ನು ಅತ್ತಿತ್ತ ಸರಿಸಬಹುದು. ಕಾಗದದ ಮೇಲೆ ಗೆರೆ ಅಳಿಸಲು ಖರ್ಚು ಕಡಿಮೆ.

ನಿಮ್ಮ ಸೊಸೈಟಿ ಹಳೆಯ ಪೇಟೆಯಲ್ಲಿದ್ದು ಪುನರ್‌ನಿರ್ಮಾಣದ ಸಭೆ ಕರೆದರೆ, ಎಷ್ಟು ಚದರಡಿ ಸಿಗುತ್ತದೆಂದು ಖಂಡಿತ ಕೇಳಿ. ಜೊತೆಗೆ ಇನ್ನೊಂದು ಮಾತು ಕೇಳಿ: “ಕೆಳಗೆ ಏನಿದೆ ಎಂದು ನೋಡಿದ್ದೀರಾ?” ಸಹಿ ಹಾಕುವ ಮುನ್ನ ಕೇಳಿದರೆ ಮನೆಯೂ ಸಿಕ್ಕೀತು, ಊರಿನ ನೆನಪೂ ಉಳಿದೀತು.