ಚಳಿಯ ಬೆಳಗ್ಗೆ ಟ್ರಾಕ್ಟರ್ ಹೊರಡದಿದ್ದರೆ
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಇದು ಧನುರ್ಮಾಸದ ಚಳಿ. ಕಣದಲ್ಲಿ ರಾಗಿ ಕಾದಿದೆ, ಆಳುಗಳು ಬಂದು ನಿಂತಿದ್ದಾರೆ. ಕೀಲಿ ತಿರುಗಿಸಿದರೆ ಟ್ರಾಕ್ಟರ್ ಮಾತ್ರ ಹೊರಡದು. ಆಗ ನಾವು ಮಾಡುವ ಮೊದಲ ತಪ್ಪೆಂದರೆ ಬಿಡದೆ ಸೆಲ್ಫ್ ಹೊಡೆಯುವುದು. ಇದರಿಂದ ಬ್ಯಾಟರಿ ಬರಿದಾಗುತ್ತದೆ, ಸೆಲ್ಫ್ ಮೋಟಾರು ಸುಡಲೂಬಹುದು. 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಮತ್ತೆ ಹೊಡೆಯುವ ಮುನ್ನ 1 ನಿಮಿಷ ಬಿಡುವು ಕೊಡಿ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದುಮಿದ ಗಾಳಿ ಕಾಯ್ದು, ಆ ಕಾವಿಗೆ ಡೀಸೆಲ್ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಚಳಿಯಲ್ಲಿ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ, ಎಂಜಿನ್ ನಿಧಾನವಾಗಿ ತಿರುಗಿ ಸಾಕಷ್ಟು ಕಾವು ಹುಟ್ಟುವುದಿಲ್ಲ. ಲಡಾಖಿನ ಚಳಿಗೆ ಡೀಸೆಲ್ಲೇ ಗಟ್ಟಿಯಾಗುತ್ತದೆ. ನಮ್ಮ ಬಯಲುಸೀಮೆಯ ಚಳಿ ಅಷ್ಟು ಕಡಿದಲ್ಲ. ಇಲ್ಲಿ ಚಳಿಯು ಮೊದಲೇ ಇದ್ದ ದೋಷವನ್ನು ಹೊರಗೆಡಹುತ್ತದೆ, ಅಷ್ಟೆ.

ಆದ್ದರಿಂದ ಮೊದಲು ಸದ್ದು ಕೇಳಿ. ‘ಟಕ್’ ಎಂದು ನಿಂತರೆ, ಇಲ್ಲವೆ ಎಂಜಿನ್ ಏದುತ್ತ ತಿರುಗಿದರೆ, ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿ. ಅಡುಗೆ ಸೋಡದ ನೀರಿನಿಂದ ತೊಳೆದು ಒರೆಸಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ತಿರುಗಿ ಬಿಗಿಯುವಾಗ ಮೈನಸ್ ಕೊನೆಗೆ. ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ; 12ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿಸಿ. ಅದರ ಬಳಿ ಬೀಡಿ ಹಚ್ಚಬೇಡಿ. ಬ್ಯಾಟರಿಯಿಂದ ಬರುವ ಜಲಜನಕ ಸಿಡಿಯಬಹುದು.

ಎಂಜಿನ್ ಚುರುಕಾಗಿ ತಿರುಗಿಯೂ ಹೊರಡದಿದ್ದರೆ ಹೊಗೆಕೊಳವೆ ನೋಡಿ. ಬಿಳಿಹೊಗೆ ಬಂದರೆ ಡೀಸೆಲ್ ತಲುಪಿದೆ, ಕಾವು ಸಾಲದು. ಹೀಟರ್ ಇರುವ ಗಾಡಿಯಾದರೆ ಅದು ಕಾಯುವವರೆಗೆ ತಾಳಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಟ್ಯಾಂಕು ಬರಿದಾಗಿದೆಯೆ, ಸ್ಟಾಪ್ ಗುಂಡಿ ಎಳೆದೇ ಇದೆಯೆ ನೋಡಿ. ಫಿಲ್ಟರಿನ ತಳದ ನೀರು ಬಸಿಯಿರಿ. ಬಳಿಕ ಏರ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಅವಸರದಲ್ಲಿ ಕೆಲವರು ಚಕ್ರದ ಪಕ್ಕ ನಿಂತು, ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ಟರ್ಮಿನಲ್ಲುಗಳನ್ನು ಕೂಡಿಸಿ ಹೊರಡಿಸುತ್ತಾರೆ. ಟ್ರಾಕ್ಟರ್ ಗೇರಿನಲ್ಲಿದ್ದರೆ ನಿಂತವನ ಮೇಲೆಯೇ ಹರಿಯುತ್ತದೆ. ಸೀಟಿನಲ್ಲಿ ಕುಳಿತು, ಗೇರ್ ತಪ್ಪಿಸಿ, ಕ್ಲಚ್ ಒತ್ತಿಯೇ ಹೊರಡಿಸಿ. ಎಂಜಿನ್ ಕೆಳಗೆ ಬೆಂಕಿ ಹಾಕಬೇಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿ. ಆ ಹೊಗೆ ವಿಷ.

ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡಿ. ಖಾಲಿ ಜಾಗದಲ್ಲಿ ಇಬ್ಬನಿಯಂತೆ ನೀರು ಕಟ್ಟುವುದು ತಪ್ಪುತ್ತದೆ. ಇಂದು ಮನೆಗೆ ಹೋದೊಡನೆ ಬ್ಯಾಟರಿಯ ಟರ್ಮಿನಲ್ ಒಮ್ಮೆ ನೋಡಿರಿ. ಸಂಜೆಯ ಕಾಲು ಗಂಟೆಯ ಆರೈಕೆ ಬೆಳಗಿನ ಅರ್ಧ ದಿನದ ಕೂಲಿಯನ್ನು ಉಳಿಸುತ್ತದೆ.