ಸಂಬಂಧಗಳ ಸಂತೆಯಲ್ಲಿ ವಂಚನೆಯ ತಕ್ಕಡಿ



ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಮಕ್ಕಳಿಗೆ ಸಂಬಂಧ ಹುಡುಕುವ ಹೊಣೆಯನ್ನು ಬಂಧುಗಳು, ಜಮಾಅತಿನ ಹಿರಿಯರು ಅಥವಾ ಮದುವೆ ದಲ್ಲಾಳಿಗಳು ಹೊರುತ್ತಿದ್ದರು. ದಲ್ಲಾಳಿಯೂ ಸುಳ್ಳು ಹೇಳುತ್ತಿದ್ದುದುಂಟು. ಆದರೆ ಅವನ ಮನೆ ಎಲ್ಲಿದೆಯೆಂಬುದು ನಮಗೆ ತಿಳಿದಿರುತ್ತಿತ್ತು. ಬಂದರಿನಲ್ಲೋ ಕುದ್ರೋಳಿಯಲ್ಲೋ ಅವನನ್ನು ನಿಲ್ಲಿಸಿ ಕೇಳಬಹುದಾಗಿತ್ತು. ಇಂದು ಆ ಹೊಣೆಯ ಬಹುಪಾಲನ್ನು ಮೊಬೈಲ್ ಫೋನ್ ವಹಿಸಿಕೊಂಡಿದೆ. ಮಗ ದುಬೈಯಲ್ಲಿ ದುಡಿಯುತ್ತಿರುವಾಗ ಇಲ್ಲಿ ತಾಯಿ ವಿವಾಹ ಜಾಲತಾಣದಲ್ಲಿ ಸೊಸೆಯನ್ನು ಹುಡುಕುತ್ತಾಳೆ. ಅದೇ ಮನೆಯ ಇನ್ನೊಬ್ಬ ಯುವಕನ ಫೋನಿನಲ್ಲಿ ಯಾರಿಗೂ ತಿಳಿಯದಂತೆ ಡೇಟಿಂಗ್ ಆ್ಯಪ್ ಇರುತ್ತದೆ.

ವಿವಾಹಪೂರ್ವ ಸ್ನೇಹ ಸರಿಯೇ ತಪ್ಪೇ ಎಂಬುದು ಇಂದಿನ ವಿಷಯವಲ್ಲ. ಆ ಕುರಿತು ನಮ್ಮ ನಿಲುವು ನಿಮಗೆಲ್ಲ ತಿಳಿದೇ ಇದೆ. ಈ ಎರಡೂ ಬಗೆಯ ಸೇವೆಗಳ ಹಿಂದಿರುವ ವ್ಯಾಪಾರವನ್ನು ನಾವಿಂದು ಪರಿಶೀಲಿಸೋಣ. ಇಲ್ಲಿ ವಂಚಿಸುವವರು ಕೇವಲ ಅಪರಿಚಿತ ಠಕ್ಕರಲ್ಲ, ಕೆಲವೊಮ್ಮೆ ಅಂಗಡಿಯ ಮಾಲಕನೇ ವಂಚಕನಾಗಿರುತ್ತಾನೆ.

ಇದಕ್ಕೆ ಆಧಾರವಿದೆಯೇ? ಇದೆ. ಬ್ರಿಟನ್ ಮೂಲದ ಜೆಡಿಐ ಡೇಟಿಂಗ್ ಎಂಬ ಕಂಪೆನಿ 18 ಜಾಲತಾಣಗಳನ್ನು ನಡೆಸುತ್ತಿತ್ತು. ಉಚಿತವಾಗಿ ಹೆಸರು ನೋಂದಾಯಿಸಿದ ಕೂಡಲೇ ಸಮೀಪದಲ್ಲಿರುವ ಯಾರೋ ಆಸಕ್ತಿ ತೋರಿಸುತ್ತಿದ್ದಾರೆಂಬ ಸಂದೇಶಗಳು ಬರುತ್ತಿದ್ದವು. ಉತ್ತರಿಸಬೇಕಾದರೆ ಹಣ ತೆರಬೇಕು. ಆದರೆ ಆ ಮುಖಗಳ ಹಿಂದೆ ಮನುಷ್ಯರೇ ಇರಲಿಲ್ಲ. ಕಂಪೆನಿಯೇ ಸೃಷ್ಟಿಸಿದ ಕೃತಕ ವ್ಯಕ್ತಿಗಳವು. ಒಮ್ಮೆ ಹಣ ಕಟ್ಟಿದರೆ ಚಂದಾ ತಾನಾಗಿಯೇ ನವೀಕರಣಗೊಳ್ಳುತ್ತಿತ್ತು. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪೆನಿಯಿಂದ 6,16,165 ಡಾಲರ್ ವಸೂಲು ಮಾಡುವ ಒಪ್ಪಂದಕ್ಕೆ ಬಂತು.

2019ರಲ್ಲಿ ಅದೇ ಆಯೋಗವು ಮ್ಯಾಚ್ ಗ್ರೂಪ್ ಎಂಬ ದೈತ್ಯ ಕಂಪೆನಿಯ ವಿರುದ್ಧ ಮೊಕದ್ದಮೆ ಹೂಡಿತು. ವಂಚಕರದ್ದೆಂದು ತಾನೇ ಗುರುತಿಸಿದ್ದ ಖಾತೆಗಳಿಂದ ಬಂದ ಸಂದೇಶಗಳನ್ನು ತೋರಿಸಿ ಜನರನ್ನು ಚಂದಾದಾರರಾಗುವಂತೆ ಪ್ರೇರೇಪಿಸಿತೆಂಬುದು ಒಂದು ಆರೋಪ. ಕಂಪೆನಿ ಅದನ್ನು ನಿರಾಕರಿಸಿತು, 2022ರಲ್ಲಿ ನ್ಯಾಯಾಲಯವೂ ಆ ಆರೋಪವನ್ನು ಕೈಬಿಟ್ಟಿತು. ಆದರೆ ಸುಳ್ಳು ಗ್ಯಾರಂಟಿ, ಸದಸ್ಯತ್ವ ರದ್ದುಪಡಿಸಲು ತೊಡಕು ಮುಂತಾದ ಉಳಿದ ಆರೋಪಗಳು ನಿಂತವು. ಕೊನೆಗೆ 2025ರ ಆಗಸ್ಟ್‌ನಲ್ಲಿ ಕಂಪೆನಿಯು 1.4 ಕೋಟಿ ಡಾಲರ್ ತೆರಲು ಒಪ್ಪಿತು.

ಇನ್ನು ಕೆನಡಾದ ಆ್ಯಶ್ಲಿ ಮ್ಯಾಡಿಸನ್. ವಿವಾಹಿತರಿಗೆ ಅಕ್ರಮ ಸಂಬಂಧವನ್ನೇ ಮಾರುತ್ತಿದ್ದ ಈ ಜಾಲತಾಣವು ಮಹಿಳೆಯರ ಹೆಸರಿನಲ್ಲಿ ನಕಲಿ ಪ್ರೊಫೈಲ್‌ಗಳನ್ನು ಇಟ್ಟುಕೊಂಡಿತ್ತು. ಪಶ್ಚಾತ್ತಾಪಪಟ್ಟು ಹೊರಹೋಗುವವರಿಂದ, ಎಲ್ಲ ಮಾಹಿತಿಯನ್ನು ಅಳಿಸುವುದಾಗಿ ಹೇಳಿ 19 ಡಾಲರ್ ಪಡೆಯುತ್ತಿತ್ತು. ಆದರೆ ಮಾಹಿತಿಯನ್ನು ಕೂಡಲೇ ಅಳಿಸುತ್ತಿರಲಿಲ್ಲ. 2015ರಲ್ಲಿ ಕನ್ನಗಾರರು ಅದರ ಕಣಜ ಒಡೆದಾಗ ಕೋಟ್ಯಂತರ ಬಳಕೆದಾರರ ವಿವರಗಳು ಬೀದಿಪಾಲಾದವು. ಮರುವರ್ಷ ಕಂಪೆನಿಯು 16 ಲಕ್ಷ ಡಾಲರ್ ತೆತ್ತು ಮೊಕದ್ದಮೆ ಮುಗಿಸಿಕೊಂಡಿತು.

ಈ ಪ್ರಕರಣದಲ್ಲಿ ಮಾರಾಟವಾದದ್ದು ಏನೆಂದು ಯೋಚಿಸಿರಿ. ಮೊದಲು ಆಸೆ, ಬಳಿಕ ಭಯ. ಗಿರಾಕಿ ಎಂದಿಗೂ ಬಹಿರಂಗವಾಗಿ ದೂರು ಕೊಡಲಾರನೆಂಬ ಧೈರ್ಯದ ಮೇಲೆ ಇಡೀ ವ್ಯಾಪಾರ ನಿಂತಿತ್ತು. ಗಿರಾಕಿಯ ಮೌನವೇ ಈ ವ್ಯಾಪಾರದ ನಿಜವಾದ ಬಂಡವಾಳ.

ಇದೆಲ್ಲ ಪಶ್ಚಿಮದ ಕತೆಯೆಂದು ನಾವು ನಿರಾಳರಾಗುವಂತಿಲ್ಲ. ಬೆಂಗಳೂರಿನ ಒಬ್ಬ ತಂದೆ 2024ರ ಮಾರ್ಚ್‌ನಲ್ಲಿ ತನ್ನ ಮಗನಿಗೆ ವಧು ಹುಡುಕಲು ದಿಲ್‌ಮಿಲ್ ಮ್ಯಾಟ್ರಿಮೋನಿ ಎಂಬ ಸಂಸ್ಥೆಗೆ 30,000 ರೂಪಾಯಿ ಕಟ್ಟಿದರು. 45 ದಿನಗಳೊಳಗೆ ವಧು ಎಂಬ ಭರವಸೆ ದೊರೆತಿತ್ತು. ದಿನಗಳು ಉರುಳಿದವು, ವಧು ಸಿಗಲಿಲ್ಲ, ಹಣವೂ ಮರಳಲಿಲ್ಲ. ಅವರು ವಿಧಿಯನ್ನು ಹಳಿಯುತ್ತಾ ಕೂರಲಿಲ್ಲ. ನೋಟಿಸು ಕಳುಹಿಸಿದರು, ಗ್ರಾಹಕ ಆಯೋಗದ ಮೆಟ್ಟಿಲೇರಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯೋಗವು 30,000 ರೂಪಾಯಿಯನ್ನು ಬಡ್ಡಿಸಹಿತ ಮರಳಿಸುವಂತೆಯೂ, ಸೇವಾ ನ್ಯೂನತೆ, ಮಾನಸಿಕ ಯಾತನೆ ಮತ್ತು ವ್ಯಾಜ್ಯದ ವೆಚ್ಚಕ್ಕಾಗಿ ಮತ್ತೆ 30,000 ರೂಪಾಯಿ ನೀಡುವಂತೆಯೂ ಆದೇಶಿಸಿತು. ಏಳೆಂಟು ತಿಂಗಳಲ್ಲಿ ನ್ಯಾಯ ದೊರೆಯಿತು. ಏಕೆಂದರೆ ಒಬ್ಬ ತಂದೆ ಬಾಯಿ ತೆರೆದರು.

ನಮ್ಮ ಮಂಗಳೂರಿನಲ್ಲಿ ಬಾಯಿ ತೆರೆಯುವುದು ಏಕೆ ಕಷ್ಟ? ಮೊದಲನೆಯದು, ಮನೆತನದ ಮಾನ. ಮಗಳಿಗೆ ಸಂಬಂಧ ಹುಡುಕಲು ಹೋಗಿ ಮೋಸಹೋದೆವೆಂದು ಹೇಳಿದರೆ ನಾಳೆ ಬರುವ ಸಂಬಂಧವೂ ತಪ್ಪೀತೆಂಬ ಅಂಜಿಕೆ. ಎರಡನೆಯದು, ಊರಿನ ರಾಜಕೀಯ. ಹುಡುಗ ಹುಡುಗಿ ಮಾತನಾಡಿದರೆ ಧರ್ಮ ಯಾವುದೆಂದು ವಿಚಾರಿಸುವ ಅನೈತಿಕ ಪೊಲೀಸ್‌ಗಿರಿಯನ್ನು ಈ ನಗರ ಕಂಡಿದೆ. 2009ರ ಜನವರಿಯ ಪಬ್ ದಾಳಿಯನ್ನು ದೇಶವೇ ನೋಡಿದೆ. ಆ್ಯಪ್‌ನಲ್ಲಿ ಹಣ ಕಳೆದುಕೊಂಡ ಮುಸ್ಲಿಮ್ ಯುವಕನಿಗೆ ತನ್ನ ದೂರು ಎಲ್ಲಿ ಕೋಮುಬಣ್ಣ ಪಡೆಯುವುದೋ ಎಂಬ ಭಯ ಸಹಜ. ಸಂಸ್ಕೃತಿಯ ಹೆಸರಿನಲ್ಲಿ ಬೀದಿಗಿಳಿಯುವವರು ಯುವಜನರ ಜೇಬು ಕತ್ತರಿಸುವ ಈ ವ್ಯಾಪಾರದ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂಬುದು ವಿಪರ್ಯಾಸ.

ಆದರೆ ಕಾನೂನು ಮೌನವಾಗಿಲ್ಲ. ವಿವಾಹ ಜಾಲತಾಣಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕು ಮತ್ತು ದೂರು ಆಲಿಸುವ ಅಧಿಕಾರಿಯನ್ನು ನೇಮಿಸಬೇಕೆಂದು ಕೇಂದ್ರ ಸರಕಾರ 2016ರ ಜೂನ್‌ನಲ್ಲೇ ಸೂಚನೆ ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪೆನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 2023ರ ನವೆಂಬರ್‌ನಲ್ಲಿ ಹೊರಬಂದ ಮಾರ್ಗಸೂಚಿಯು ಗ್ರಾಹಕರನ್ನು ಮರುಳುಗೊಳಿಸುವ 13 ಕುಟಿಲ ವಿಧಾನಗಳನ್ನು ನಿಷೇಧಿಸಿದೆ. ಸೇರುವುದನ್ನು ಸುಲಭವಾಗಿಸಿ ಹೊರಬರುವುದನ್ನು ದುಸ್ತರಗೊಳಿಸುವ ಚಂದಾ ಬಲೆಯೂ ಅದರಲ್ಲಿ ಸೇರಿದೆ. ಸಲಹೆಗೆ 1915, ಆನ್‌ಲೈನ್‌ನಲ್ಲಿ ಹಣ ದೋಚಲ್ಪಟ್ಟರೆ 1930 ಎಂಬ ಸಂಖ್ಯೆಗಳನ್ನು ಮನೆಯ ಗೋಡೆಯಲ್ಲಿ ಬರೆದಿಡಿರಿ. 1930ಕ್ಕೆ ಕರೆ ಎಷ್ಟು ಬೇಗ ಹೋದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಒದ್ದೆ ಧಾನ್ಯವನ್ನು ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಯನ್ನು ಅವರು ಜನರೆದುರೇ ಪ್ರಶ್ನಿಸಿದರು. ಕೊಳ್ಳುವವನು ಎಚ್ಚರವಾಗಿರಬೇಕಿತ್ತೆಂದು ಅವರು ಹೇಳಲಿಲ್ಲ, ತಪ್ಪನ್ನು ಮಾರುವವನ ಮೇಲೆಯೇ ಹೊರಿಸಿದರು. ನಾವಾದರೋ ಮೋಸಹೋದ ಮಗನನ್ನೇ ಮೊದಲು ಗದರಿಸುತ್ತೇವೆ!

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಹಣ ಕಟ್ಟುವ ಮುನ್ನ ಭರವಸೆಗಳನ್ನು ಬರಹದಲ್ಲಿ ಕೇಳಿರಿ, ರಶೀದಿ ಮತ್ತು ಸಂದೇಶಗಳನ್ನು ಕಾಯ್ದಿಡಿರಿ. ಪ್ರೊಫೈಲ್‌ನಲ್ಲಿ ಕಂಡ ಉದ್ಯೋಗ, ವಿಳಾಸ, ಕುಟುಂಬವನ್ನು ಹಿಂದಿನವರಂತೆ ಆ ಊರಿನ ಜಮಾಅತಿನಲ್ಲಿ ವಿಚಾರಿಸಿರಿ. ಮನೆಯ ಮಗನೋ ಮಗಳೋ ಮೋಸಹೋದೆನೆಂದು ಬಂದಾಗ ಮೊದಲು ದೂರು ಕೊಡಿಸಿರಿ, ಬುದ್ಧಿವಾದಕ್ಕೆ ಆಮೇಲೂ ಸಮಯವಿದೆ. ನಮ್ಮ ಜಮಾಅತುಗಳು ಇಂತಹ ದೂರುಗಳನ್ನು ಬರೆದುಕೊಡಲು ವಾರಕ್ಕೊಂದು ಸಂಜೆ ಇಬ್ಬರು ವಿದ್ಯಾವಂತರನ್ನು ಕೂರಿಸಲಿ. ಬಂದವರ ಹೆಸರು ಆ ಕೋಣೆಯಿಂದ ಹೊರಗೆ ಹೋಗದಿರಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಈ ಕೆಲಸವನ್ನು ಯಾವ ಮೊಹಲ್ಲಾದಲ್ಲಿ ಮೊದಲು ಆರಂಭಿಸುವುದೆಂದು ಸಭೆ ಮುಗಿಯುವ ಮುನ್ನವೇ ನಾವು ನಿರ್ಧರಿಸೋಣ.